ಊರಿನ ಎಲ್ಲೆ ದಾಟುವವರೆಗೆ

ಪ್ರಯಾಣಕ್ಕೆ ಫಿಕ್ಹ್ ಗ್ರಂಥಗಳಲ್ಲಿ ಒಂದು ಎಲ್ಲೆಯಿದೆ. ಮನೆಯ ಹೊಸ್ತಿಲು ದಾಟಿದ ಮಾತ್ರಕ್ಕೆ ಯಾರೂ ಮುಸಾಫಿರ್ ಆಗುವುದಿಲ್ಲ; ಊರಿನ ಎಲ್ಲೆಯನ್ನು ದಾಟಬೇಕು. ಮರಳುವಾಗಲೂ ಅಷ್ಟೇ. ಮನೆಯ ದೀಪ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ, ಊರಿನ ಎಲ್ಲೆಯನ್ನು ತಲುಪಿದಲ್ಲಿಗೆ ಪ್ರಯಾಣ ಮುಗಿಯುತ್ತದೆ ಮತ್ತು ನಾಲ್ಕು ರಕ್ಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿಯೂ ಅಲ್ಲಿಗೆ ಕೊನೆಗೊಳ್ಳುತ್ತದೆ. ಹಲವು ವರ್ಷಗಳಿಂದ ಮಕ್ಕಳಿಗೆ ಈ ಪಾಠವನ್ನು ಹೇಳುತ್ತ ಬಂದಿರುವ ನಮಗೆ, ಆ ಎಲ್ಲೆ ಎಷ್ಟು ದೊಡ್ಡದೆಂಬುದು ಕಳೆದ ಚಳಿಗಾಲದ ಪ್ರಯಾಣದ ಕೊನೆಯ ದಿನಗಳಲ್ಲಿ ತಿಳಿಯಿತು.

ಡಿಸೆಂಬರ್ ಕೊನೆಯಲ್ಲಿ ನಾವು ದಂಪತಿಗಳು ಬೀದರ್‌ನಿಂದ ಹೊರಟು ನೇತ್ರಾವತಿ ದಂಡೆಯ ನಮ್ಮ ಊರಿನವರೆಗೆ, ಸುಮಾರು 900 ಕಿಲೋಮೀಟರ್ ದೂರವನ್ನು ಸೈಕಲ್‌ನಲ್ಲಿ ಕ್ರಮಿಸಿದೆವು. ಒಟ್ಟು 22 ದಿನಗಳು. ಮಹ್ಮೂದ್ ಗವಾನರು 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದ್ರಸದ ವಿಚಾರವನ್ನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೆವು, ಕಣ್ಣಾರೆ ಕಂಡಿರಲಿಲ್ಲ. ಉಳಿದಿರುವ ಆ ಒಂದೇ ಮಿನಾರದ ನೆರಳಿನಿಂದ ಹೊರಟು ಕಲಬುರಗಿ, ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ, ಯಲ್ಲಾಪುರಗಳ ದಾರಿಯಾಗಿ ಕರಾವಳಿಗೆ ಇಳಿಯುವುದೆಂದು ನಿರ್ಧರಿಸಿದ್ದೆವು. ಒಂದು ತಿಂಗಳ ಸಂಬಳವಿಲ್ಲದ ರಜೆ, ಮಂಗಳೂರಿನಲ್ಲಿ ಕೊಂಡ ಎರಡು ಹಳೆಯ ಗೇರ್ ಸೈಕಲ್‌ಗಳು, ಪಂಕ್ಚರ್ ಸಾಮಾನು, ಎರಡು ಮುಸಲ್ಲಾ, ಒಂದು ಚಿಕ್ಕ ಸ್ಟವ್. ನಮ್ಮ ಸಿದ್ಧತೆ ಇಷ್ಟೇ.

ಮಡದಿ ಸೈಕಲ್ ಕಲಿತ ಕತೆಯನ್ನು ಇಲ್ಲಿ ಹೇಳಲೇಬೇಕು. ರಾಜ್ಯ ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದಾಗ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿಗೆ ಪೆಡಲ್ ತುಳಿದರು. ಹತ್ತನೆಯ ತರಗತಿ ಮುಗಿದೊಡನೆ ಆ ಸೈಕಲ್‌ಗಳು ಕೊಟ್ಟಿಗೆ ಸೇರಿದವು. ನಮ್ಮ ಮಗಳ ಸೈಕಲ್ಲೂ ಹಾಗೆಯೇ ಸೌದೆಯ ಪಕ್ಕದಲ್ಲಿ ನಿಂತಿತ್ತು. ಮಡದಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಮೈ ಬೆವರುವಂತಹ ವ್ಯಾಯಾಮ ಬೇಕೆಂದು ವೈದ್ಯರು ಹೇಳಿದಾಗ ಅವಳು ಆ ಸೈಕಲನ್ನು ಹೊರಗೆಳೆದಳು. ಆಗ ಅವಳಿಗೆ 38 ವರ್ಷ. ಸಂಜೆ ಅಡಿಕೆ ಒಣಗಿಸುವ ಅಂಗಳದಲ್ಲಿ ಮಗಳು ಸೀಟು ಹಿಡಿದಳು, ತಾಯಿ ತುಳಿದಳು. ಅಂಗಳದಿಂದ ತೋಟದ ದಾರಿಗೆ, ಅಲ್ಲಿಂದ ನದಿಯ ಬದಿಯ ಮಣ್ಣಿನ ರಸ್ತೆಗೆ ಅವಳ ಸವಾರಿ ಬೆಳೆಯಿತು. ಆದರೆ ಊರಿನ ಮುಖ್ಯ ಬೀದಿಗೆ ಅವಳು ಎಂದೂ ಸೈಕಲ್ ಇಳಿಸಿರಲಿಲ್ಲ. ಬೀದರ್‌ಗೆ ಹೊರಟ ದಿನವೂ ಸುಬಹಿಗೆ ಮುಂಚಿನ ಕತ್ತಲಲ್ಲಿ ಸೈಕಲ್‌ಗಳನ್ನು ಗೂಡ್ಸ್ ರಿಕ್ಷಾಕ್ಕೆ ಹಾಕಿ ಹೊರಟದ್ದರಿಂದ ಯಾರೂ ನೋಡಲಿಲ್ಲ.

ಬಯಲುಸೀಮೆಯಲ್ಲಿ ಎರಡು ವಾರ ಕಳೆದವು. ಜೋಳದ ಹೊಲಗಳ ನಡುವಿನ ನೇರ ರಸ್ತೆ, ಎದುರು ಗಾಳಿ, ಮಧ್ಯಾಹ್ನ ರೊಟ್ಟಿ ಮತ್ತು ಶೇಂಗಾ ಹಿಂಡಿ. ನಮ್ಮ ಕ್ರಮವೊಂದಿತ್ತು: ಮಡದಿ ಮುಂದೆ, ನಾವು ಹಿಂದೆ. ಹಿಂದಿನಿಂದ ಬರುವ ಲಾರಿಗಳನ್ನು ಗಮನಿಸಿ ಎಚ್ಚರಿಸುವುದು ನಮ್ಮ ಕೆಲಸ; ವೇಗವನ್ನು ನಿರ್ಧರಿಸುವುದು ಅವಳ ಕೆಲಸ. ಉದ್ದನೆಯ ಮೇಲಂಗಿ, ಪಿನ್ ಹಾಕಿ ಬಿಗಿದ ತಲೆವಸ್ತ್ರ, ಅದರ ಮೇಲೊಂದು ಹೆಲ್ಮೆಟ್. ಹಳ್ಳಿಯ ಹೆಂಗಸರು ನಿಲ್ಲಿಸಿ, "ಎಲ್ಲಿಂದ ಬಂದ್ರಿ ಅಕ್ಕಾರ, ಕಾಲು ನೋಯಂಗಿಲ್ಲೇನು?" ಎಂದು ಕೇಳಿ ಮಜ್ಜಿಗೆ ಕೊಟ್ಟರು. ಹೆದ್ದಾರಿಯ ಕೆಲವು ಮಸೀದಿಗಳಲ್ಲಿ ಪ್ರಯಾಣಿಕ ಮಹಿಳೆಯರಿಗೆ ಪ್ರತ್ಯೇಕ ಕೋಣೆಯೂ ಶೌಚಾಲಯವೂ ಇದ್ದವು. ಇಲ್ಲದ ಕಡೆ ಮನೆಯ ಬಾಗಿಲು ತಟ್ಟಿದರೆ ಯಾರೂ ಇಲ್ಲವೆನ್ನಲಿಲ್ಲ. ಅಲ್ಲಿ ಅವಳು ಯಾರ ಮಗಳು, ಯಾರ ಹೆಂಡತಿ ಎಂದು ತಿಳಿದವರು ಇರಲಿಲ್ಲ.

ಹದಿನಾರನೆಯ ದಿನ ಯಲ್ಲಾಪುರದಿಂದ ಅರಬೈಲ್ ಘಟ್ಟವನ್ನು ಇಳಿದೆವು. ಏರುವುದಕ್ಕಿಂತ ಇಳಿಯುವುದು ಸುಲಭವೆಂದು ತಿಳಿದವರು ಘಟ್ಟವನ್ನು ಸೈಕಲ್‌ನಲ್ಲಿ ಇಳಿದು ನೋಡಬೇಕು. ಬೆರಳುಗಳು ಬ್ರೇಕಿನ ಮೇಲೆಯೇ ಮರಗಟ್ಟಿದವು. ಎರಡು ಬಾರಿ ನಿಂತು, ಚಕ್ರದ ಅಂಚು ತಣಿಯುವವರೆಗೆ ಕಾದೆವು. ಅಂಕೋಲೆಯ ಹತ್ತಿರ ಬಂದಂತೆ ಗಾಳಿಯಲ್ಲಿ ತೇವ, ಒಣಮೀನಿನ ವಾಸನೆ, ತೆಂಗಿನ ಸಾಲು. ಅಂದು ರಾತ್ರಿ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಸಾರು ಉಂಡಾಗ ಮಡದಿಯ ಕಣ್ಣು ತುಂಬಿತು. "ಮನೆ ಬಂತು" ಎಂದಳು. ಮನೆ ಇನ್ನೂ 250 ಕಿಲೋಮೀಟರಿಗಿಂತಲೂ ದೂರವಿತ್ತು.

ಮರುದಿನ ಅಂಕೋಲೆಯಿಂದ ದಕ್ಷಿಣಕ್ಕೆ ಹೊರಟ ಸ್ವಲ್ಪ ಹೊತ್ತಿನಲ್ಲೇ ಶಿರೂರು ಸಿಕ್ಕಿತು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ, ರಸ್ತೆ ಬದಿಯ ಚಹದಂಗಡಿಯನ್ನೂ, ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ ಜಾಗ ಅದು. ಒಂದು ಬದಿಯಲ್ಲಿ ಸೀಳಿದ ಗುಡ್ಡದ ಕೆಂಪು ಮಣ್ಣು, ಇನ್ನೊಂದು ಬದಿಯಲ್ಲಿ ಏನೂ ನಡೆದಿಲ್ಲವೆಂಬಂತೆ ಹರಿಯುವ ನದಿ. ಚಹ ಕುಡಿಯಲೆಂದು ನಿಂತವರು, ಚಹ ಮಾಡುತ್ತಿದ್ದವರು, ಮನೆಗೆ ಮರಳುತ್ತಿದ್ದ ಲಾರಿ ಚಾಲಕರು. ಅವರೆಲ್ಲರ ಮನೆಯಲ್ಲೂ ಯಾರೋ ಕಾಯುತ್ತಿದ್ದರು. ಸೈಕಲ್ ಇಳಿದು ತಳ್ಳಿಕೊಂಡೇ ಆ ಜಾಗವನ್ನು ದಾಟಿದೆವು. ಮರಳಿ ಮನೆ ಸೇರುವುದು ನಮ್ಮ ಪೆಡಲಿನ ಬಲದಿಂದಲ್ಲ ಎಂಬುದನ್ನು ಮತ್ತೆ ಯಾರೂ ನಮಗೆ ಹೇಳಬೇಕಾಗಿರಲಿಲ್ಲ.

ಕರಾವಳಿಯ ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳಿಗಿಂತ ನದಿಗಳನ್ನು ಎಣಿಸುವುದೇ ಹಿತ. ಗಂಗಾವಳಿ, ಅಘನಾಶಿನಿ, ಶರಾವತಿ. ಅಂದು ಸಂಜೆ ಶರಾವತಿಯ ಉದ್ದನೆಯ ಸೇತುವೆಯ ಮೇಲೆ ನಿಂತಾಗ ಮಡದಿಗೆ ಇಬ್ನು ಬತೂತರ ವಿಚಾರ ಹೇಳಿದೆವು. ಹದಿನಾಲ್ಕನೆಯ ಶತಮಾನದಲ್ಲಿ ಈ ಹೊನ್ನಾವರಕ್ಕೆ ಬಂದಿದ್ದ ಆ ಮೊರಾಕ್ಕೊದ ಪ್ರವಾಸಿ, ಇಲ್ಲಿನ ಮಹಿಳೆಯರು ಕುರ್‌ಆನನ್ನು ಕಂಠಪಾಠ ಮಾಡಿದವರೆಂದೂ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ಬೇರೆಲ್ಲೂ ಇಂತಹುದನ್ನು ಕಾಣಲಿಲ್ಲವೆಂಬ ಬೆರಗು ಅವರ ಬರವಣಿಗೆಯಲ್ಲಿದೆ. ಮಡದಿ ಸ್ವಲ್ಪ ಹೊತ್ತು ನೀರನ್ನು ನೋಡುತ್ತ ನಿಂತು, "ಆ ಹದಿಮೂರು ಶಾಲೆಗಳಿಗೆ ಹೆಣ್ಣುಮಕ್ಕಳು ಹೇಗೆ ಹೋಗುತ್ತಿದ್ದರು?" ಎಂದು ಕೇಳಿದಳು. "ನಡೆದುಕೊಂಡು ಹೋಗಿರಬೇಕು" ಎಂದೆವು. "ಬೀದಿಯಲ್ಲಿಯೇ ಅಲ್ಲವೇ?" ಎಂದಳು. ಆ ಪ್ರಶ್ನೆ ಇತಿಹಾಸದ ಬಗ್ಗೆ ಮಾತ್ರ ಇರಲಿಲ್ಲವೆಂಬುದು ನಮಗೆ ತಿಳಿದದ್ದು ಮರುದಿನ.

ಮರುದಿನ ಭಟ್ಕಳ ತಲುಪಿದೆವು. ಹಳೆಯ ಸಹಪಾಠಿಯೊಬ್ಬರ ಮನೆಯಲ್ಲಿ ಎರಡು ರಾತ್ರಿ ತಂಗುವುದೆಂದು ಮೊದಲೇ ಮಾತಾಗಿತ್ತು. ಅವರ ಮನೆಯ ನವಾಯತಿ ಮಾತು ನಮಗೆ ಅರ್ಧ ಅರ್ಥವಾಯಿತು. ಅವರ ಊಟ ಪೂರ್ತಿ ಅರ್ಥವಾಯಿತು. ಮಡದಿ ಒಳಮನೆಯಲ್ಲಿ ಹೆಂಗಸರ ನಡುವೆ ಕುಳಿತು ಬೀದರ್‌ನಿಂದ ಹಿಡಿದು ಎಲ್ಲವನ್ನೂ ವರ್ಣಿಸುತ್ತಿದ್ದಳು. ಅವರ ನಗೆ ಹೊರಗಿನ ಚಾವಡಿಗೂ ಕೇಳಿಸುತ್ತಿತ್ತು.

ಆಗ ನಮ್ಮ ಫೋನಿಗೆ ಭಾವನ ಕರೆ ಬಂತು. ಮಡದಿಯ ಹಿರಿಯ ಅಣ್ಣ. ನಮ್ಮ ಜಮಾಅತಿನಲ್ಲಿ ಮಾತಿಗೆ ಬೆಲೆಯುಳ್ಳವರು. ತಂದೆ ತೀರಿಕೊಂಡ ಬಳಿಕ ತಂಗಿಯರನ್ನು ತಂದೆಯಂತೆಯೇ ನೋಡಿಕೊಂಡವರು. ಈ ಪ್ರಯಾಣಕ್ಕೆ ಅಡ್ಡಿ ಹೇಳಿದವರಲ್ಲ. ಹೊರಡುವಾಗ ಖರ್ಚಿಗೆಂದು ಹಣವನ್ನೂ ಕೊಟ್ಟಿದ್ದರು.

"ಉಸ್ತಾದರೇ, ಮಂಗಳೂರಿಗೆ ಯಾವಾಗ ತಲುಪುತ್ತೀರಿ? ಅಲ್ಲಿಗೆ ಪಿಕಪ್ ಕಳುಹಿಸುತ್ತೇನೆ. ಸೈಕಲ್‌ಗಳನ್ನು ಅದರಲ್ಲಿ ಹಾಕಿ, ನೀವಿಬ್ಬರೂ ಕಾರಿನಲ್ಲಿ ಬನ್ನಿ" ಎಂದರು.

"ಅಲ್ಲಿಂದ ಇನ್ನು 20 ಕಿಲೋಮೀಟರ್ ಅಷ್ಟೇ ಅಲ್ಲವೇ?" ಎಂದೆವು.

"ಅದಕ್ಕೇ ಹೇಳುತ್ತಿರುವುದು. ಎಲ್ಲೋ ದೂರದ ಊರಿನಲ್ಲಿ ತುಳಿದದ್ದು ತುಳಿದಾಯಿತು. ಇಲ್ಲಿ ಅಸರ್ ಬಳಿಕ ಮಸೀದಿಯ ಮುಂದೆ ಐವತ್ತು ಜನ ಕುಳಿತಿರುತ್ತಾರೆ. ಅವಳು ನಿಮ್ಮ ಹೆಂಡತಿ, ನೀವು ಅವರ ಮಕ್ಕಳಿಗೆ ಓದಿಸುವವರು. ನಾಳೆ ಯಾರಾದರೂ ಒಂದು ಮಾತು ಆಡಿದರೆ ಅದನ್ನು ಹೊತ್ತುಕೊಳ್ಳಬೇಕಾದವಳು ಅವಳು."

ಭಾವನ ಮಾತಿನಲ್ಲಿ ಕೋಪವಿರಲಿಲ್ಲ, ಕಾಳಜಿಯಿತ್ತು. ಕೋಪಕ್ಕಾದರೆ ಉತ್ತರ ಕೊಡುವುದು ಸುಲಭ. "ಅವಳೊಡನೆ ಮಾತಾಡಿ ಹೇಳುತ್ತೇವೆ" ಎಂದಷ್ಟೇ ಹೇಳಿದೆವು. ಆ ರಾತ್ರಿ ಮಡದಿಗೆ ವಿಷಯವನ್ನು ತಿಳಿಸಿದಾಗ ಅವಳು ಏನೂ ಹೇಳಲಿಲ್ಲ. ಮೇಲಂಗಿಯ ತುದಿಯಲ್ಲಿ ಚೈನಿನ ಎಣ್ಣೆಯ ಕಲೆಯಿತ್ತು. ಅದನ್ನು ಉಜ್ಜುತ್ತ ಕುಳಿತಳು.

ಭಟ್ಕಳದಿಂದ ಹೊರಟ ಬೆಳಿಗ್ಗೆ ನಾವೊಂದು ವಿಷಯ ಗಮನಿಸಿದೆವು. ಮೂರು ವಾರ ನಮ್ಮ ಮುಂದೆಯೇ ಸಾಗಿದ ಸೈಕಲ್ ಈಗ ನಮ್ಮ ಹಿಂದಿತ್ತು. "ಮುಂದೆ ಹೋಗು" ಎಂದೆವು. "ಇರಲಿ, ಗಾಳಿ ಜೋರಾಗಿದೆ" ಎಂದಳು. ಗಾಳಿ ಅಷ್ಟೇನೂ ಇರಲಿಲ್ಲ. ಬೈಂದೂರು ದಾಟಿದ ಮೇಲೆ ಎದುರಿನಿಂದ ಬರುವ ಬಸ್ಸುಗಳ ಹಲಗೆಯಲ್ಲಿ ಪರಿಚಿತ ಊರುಗಳ ಹೆಸರುಗಳು ಕಾಣತೊಡಗಿದವು. ಪ್ರತಿ ಬಸ್ಸಿಗೂ ಅವಳು ಮುಖವನ್ನು ಎಡಕ್ಕೆ ತಿರುಗಿಸುವುದು ನಮ್ಮ ಸೈಕಲ್ಲಿನ ಚಿಕ್ಕ ಕನ್ನಡಿಯಲ್ಲಿ ಕಾಣುತ್ತಿತ್ತು.

ಮರವಂತೆಯಲ್ಲಿ ನಿಂತೆವು. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿಯ ಒಂದು ಪಟ್ಟಿ. ಮರದ ನೆರಳಿನಲ್ಲಿ ಮುಸಲ್ಲಾ ಹಾಸಿ ಝುಹರ್ ಮತ್ತು ಅಸರ್ ನಮಾಝ್‌ಗಳನ್ನು ಎರಡೆರಡು ರಕ್ಅತ್‌ಗಳಾಗಿ ಒಟ್ಟಿಗೆ ನಿರ್ವಹಿಸಿದೆವು. ಸಲಾಂ ಹೇಳಿದ ಬಳಿಕ ಮಡದಿ, "ಈ ಎರಡು ರಕ್ಅತ್ ಇನ್ನೆಷ್ಟು ದಿನ?" ಎಂದಳು. "ನಾಡಿದ್ದು ಊರಿನ ಎಲ್ಲೆಯವರೆಗೆ" ಎಂದೆವು.

ನಾವು ಕಲಿತವರು, ಓದಿಸುವವರು. ಅವಳ ಧೈರ್ಯಕ್ಕೊಂದು ಆಧಾರ ಕೊಡೋಣವೆಂದು ಪ್ರವಾದಿವರ್ಯರು(ಸ) ಒಂದು ಪ್ರಯಾಣದಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ ಪ್ರಸಂಗವನ್ನು ನೆನಪಿಸಿದೆವು. ಅಂದು ಆಯಿಶಾ(ರ) ಗೆದ್ದರು. ಕಾಲಾನಂತರ ಇನ್ನೊಮ್ಮೆ ಓಡಿದಾಗ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತು ಎಂಬಂತೆ ಪತ್ನಿಯನ್ನು ನಗಿಸಿದರು. ಮಡದಿ ಕೇಳಿಸಿಕೊಂಡು ಮುಗುಳ್ನಕ್ಕಳು. "ಆಗ ಸಂಗಡಿಗರನ್ನೆಲ್ಲ ಮುಂದೆ ಕಳುಹಿಸಿದ್ದರಲ್ಲವೇ? ಅಣ್ಣ ಅದನ್ನೇ ಕೇಳುತ್ತಾರೆ" ಎಂದಳು.

ಅದು ನಿಜ. ಆ ಪ್ರಸಂಗ ದಾಂಪತ್ಯದ ಸಲಿಗೆಗೆ ಆಧಾರವೇ ಹೊರತು ಜನರ ಮುಂದೆ ಸೈಕಲ್ ತುಳಿಯುವುದಕ್ಕಲ್ಲ ಎಂದು ಯಾರಾದರೂ ಹೇಳಿದರೆ ನಾವು ಒಪ್ಪಬೇಕಾದೀತು. ಮೈಮುಚ್ಚಿದ ಉಡುಪಿನಲ್ಲಿ, ಗಂಡನ ಜೊತೆಯಲ್ಲಿ, ಒಳ್ಳೆಯ ಉದ್ದೇಶಕ್ಕೆ ಒಂದು ವಾಹನವನ್ನು ಏರುವುದಕ್ಕೆ ಯಾವ ತಡೆಯೂ ಇಲ್ಲವೆಂಬುದು ನಮ್ಮ ತಿಳಿವಳಿಕೆ. ಆದರೆ ಭಾವ ಹೇಳಿದ್ದು ತಡೆಯ ಮಾತಲ್ಲ. ಜನರ ಮಾತಿನ ಭಾರದ ಮಾತು. ಅದಕ್ಕೆ ಗ್ರಂಥದಲ್ಲಿ ಪುಟ ಹುಡುಕಿ ಪ್ರಯೋಜನವಿಲ್ಲ. ಆ ಭಾರವನ್ನು ಹೊರುವವರು ಯಾರೋ, ತೂಗಿ ನೋಡಬೇಕಾದವರೂ ಅವರೇ.

ಅವಳು ಬಹಳ ಹೊತ್ತು ಅಲೆಗಳ ಕಡೆಗೆ ನೋಡುತ್ತ ಕುಳಿತಿದ್ದಳು. ಬಳಿಕ ಹೇಳಿದಳು: "ಬಾಗಲಕೋಟೆಯಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಅಲ್ಲಿ ನಾನು ಹೇಗಿದ್ದೆನೋ ನಮ್ಮೂರಿನಲ್ಲಿಯೂ ಹಾಗೆಯೇ ಇರಬೇಕೆನಿಸುತ್ತದೆ. ಕಾರಿನಲ್ಲಿ ಇಳಿದರೆ, ಇಷ್ಟು ದಿನ ಮಾಡಿದ್ದು ಏನೋ ಮುಚ್ಚಿಡುವ ಕೆಲಸ ಎಂದು ನಾನೇ ಒಪ್ಪಿದಂತಾಗುತ್ತದೆ. ಆದರೆ ನಿಮ್ಮ ಕೆಲಸಕ್ಕೆ ತೊಂದರೆಯಾದರೆ?"

ಈ ಕೊನೆಯ ಪ್ರಶ್ನೆಯನ್ನು ಅವಳು ಭಟ್ಕಳದಿಂದಲೂ ಹೊತ್ತು ತಂದಿದ್ದಳೆಂದು ಆಗ ತಿಳಿಯಿತು. ಉಸ್ತಾದರ ಸಂಬಳ ಜಮಾಅತಿನ ವಂತಿಗೆಯಿಂದ ಬರುವುದು. ಅದು ನಮ್ಮ ಓದುಗರಿಗೆ ವಿವರಿಸಬೇಕಾದ ಸಂಗತಿಯಲ್ಲ. "ರಿಝ್ಕ್ ಕೊಡುವವನು ಅಲ್ಲಾಹನು" ಎಂದು ಹೇಳಿದೆವು. ಹೇಳುವುದು ಸುಲಭ, ಅಂದು ಅದನ್ನು ಹೇಳುವಾಗ ನಮ್ಮ ಗಂಟಲೂ ಸ್ವಲ್ಪ ಒಣಗಿತ್ತು.

ಅಂದು ರಾತ್ರಿ ಕುಂದಾಪುರದಲ್ಲಿ ತಂಗಿದೆವು. ಮರುದಿನ ಪ್ರಯಾಣದ ಅತಿ ಉದ್ದನೆಯ ದಿನಗಳಲ್ಲೊಂದು: ಕೋಟ, ಬ್ರಹ್ಮಾವರ, ಉಡುಪಿ, ಕಾಪು, ಪಡುಬಿದ್ರಿ. ಸೀತಾ, ಸುವರ್ಣಾ, ಉದ್ಯಾವರ ಹೊಳೆಗಳು ಒಂದೊಂದಾಗಿ ಹಿಂದೆ ಸರಿದವು. ಕಟಪಾಡಿಯ ಹತ್ತಿರ ನಮ್ಮ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬನ್ನು ಹೊರತೆಗೆದು ಹೋಟೆಲಿನ ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಾಗ, ಶಾಲೆ ಬಿಟ್ಟು ಬರುತ್ತಿದ್ದ ನಾಲ್ಕೈದು ಹುಡುಗಿಯರು ಸುತ್ತ ನಿಂತರು. ಮಡದಿ ಅವರಿಗೆ ಟ್ಯೂಬಿಗೆ ಪ್ಯಾಚ್ ಅಂಟಿಸುವ ಮುಂಚೆ ಮರಳುಕಾಗದದಿಂದ ಏಕೆ ಉಜ್ಜಬೇಕು, ಅಂಟು ಏಕೆ ಸ್ವಲ್ಪ ಒಣಗಬೇಕು ಎಂದು ತೋರಿಸಿಕೊಟ್ಟಳು. ಬಯಲುಸೀಮೆಯಲ್ಲಿ ಎಂಟು ಬಾರಿ ಪಂಕ್ಚರ್ ಹಾಕಿದ ಕೈ ಅದು. ಒಬ್ಬ ಹುಡುಗಿ, "ಆಂಟಿ, ನಿಮಗೆ ಭಯ ಆಗುವುದಿಲ್ಲವೇ?" ಎಂದು ಕೇಳಿದಳು. "ಲಾರಿಗೆ ಆಗುತ್ತದೆ" ಎಂದು ಮಡದಿ ಉತ್ತರಿಸಿದಳು.

ಮೂಲ್ಕಿಯ ಶಾಂಭವಿ ಸೇತುವೆಯನ್ನು ದಾಟುವಾಗ ಸೂರ್ಯ ಮುಳುಗುತ್ತಿದ್ದನು. ಸಮೀಪದ ಸಂಬಂಧಿಕರ ಮನೆಯಲ್ಲಿ ಕೊನೆಯ ರಾತ್ರಿ. ಅಲ್ಲಿಂದ ನಮ್ಮ ತಾಯಿಗೆ ಫೋನ್ ಮಾಡಿದೆವು. ಉಮ್ಮನಿಗೆ 74 ವರ್ಷ. ಸೈಕಲ್, ಪಿಕಪ್, ಭಾವನ ಮಾತು ಎಲ್ಲವನ್ನೂ ಹೇಳಿ, "ನೀವು ಏನು ಹೇಳುತ್ತೀರಿ ಉಮ್ಮಾ?" ಎಂದು ಕೇಳಿದೆವು.

ಉಮ್ಮ ಸ್ವಲ್ಪ ಯೋಚಿಸಿ, "ನಾನು ನಿನ್ನ ತಂದೆಯ ಹಿಂದೆ ಮೊದಲ ಬಾರಿ ಸ್ಕೂಟರ್ ಹತ್ತಿದಾಗಲೂ ಊರು ಮಾತಾಡಿತ್ತು. ನಾಲ್ಕು ದಿನದ ನಂತರ ಅದಕ್ಕೆ ಬೇರೆ ಕೆಲಸ ಸಿಕ್ಕಿತು. ಮಗ್ರಿಬಿಗೆ ಮೊದಲು ಬನ್ನಿ. ಕತ್ತಲಲ್ಲಿ ಬರಬೇಡಿ. ಮೀನು ತರಿಸಿಡುತ್ತೇನೆ" ಎಂದರು.

ಮಡದಿ ನಮ್ಮ ಕೈಯಿಂದ ಫೋನ್ ತೆಗೆದುಕೊಂಡು ಹೊರಗೆ ಹೋಗಿ ಅಣ್ಣನಿಗೆ ತಾನೇ ಕರೆ ಮಾಡಿದಳು. ಏನು ಮಾತಾಡಿದಳೆಂದು ನಾವು ಕೇಳಲಿಲ್ಲ. ಒಳಗೆ ಬಂದು, "ಅಣ್ಣ ಪಿಕಪ್ ಬೇಡವೆಂದು ಹೇಳಿಬಿಡುತ್ತಾರಂತೆ. ಸಂತೋಷದಿಂದಲ್ಲ" ಎಂದಷ್ಟೇ ಹೇಳಿದಳು.

ಕೊನೆಯ ದಿನ ಸುಬಹಿ ನಮಾಝಿನ ಬಳಿಕ ಹೊರಟೆವು. ಹಳೆಯಂಗಡಿ, ಸುರತ್ಕಲ್, ಪಣಂಬೂರಿನ ಲಾರಿಗಳ ಸಾಲು, ಕೂಳೂರಿನಲ್ಲಿ ಫಲ್ಗುಣಿ ನದಿ, ನಂತೂರಿನ ಗದ್ದಲ. 22 ದಿನಗಳಲ್ಲಿ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ ರಸ್ತೆ ನಮ್ಮದೇ ಜಿಲ್ಲೆಯದು. ಪಂಪ್‌ವೆಲ್ ದಾಟಿದ ಮೇಲೆ ಒಬ್ಬ ಪರಿಚಯಸ್ಥರ ಮನೆಯಲ್ಲಿ ಊಟ ಮಾಡಿ, ಬಿಸಿಲು ಇಳಿಯುವವರೆಗೆ ವಿಶ್ರಮಿಸಿದೆವು. ಝುಹರ್ ಮತ್ತು ಅಸರ್ ನಮಾಝ್‌ಗಳನ್ನು ಎರಡೆರಡು ರಕ್ಅತ್‌ಗಳಾಗಿ ಕೊನೆಯ ಬಾರಿಗೆ ಅಲ್ಲಿ ನಿರ್ವಹಿಸಿದೆವು. ಹೊರಡುವಾಗ ಮಡದಿ ತನ್ನ ತಲೆವಸ್ತ್ರದ ಪಿನ್‌ಗಳನ್ನು ಮತ್ತೊಮ್ಮೆ ಸರಿಪಡಿಸಿಕೊಂಡು, ಏನೂ ಹೇಳದೆ ಮುಂದೆ ಹೋದಳು. ನಾವು ಹಿಂದೆ ಉಳಿದೆವು.

ಪಡೀಲ್, ಅಡ್ಯಾರ್, ಫರಂಗಿಪೇಟೆ, ತುಂಬೆ. ಬಲಗಡೆ ಮರಗಳ ನಡುವೆ ನೇತ್ರಾವತಿ ಆಗಾಗ ಮಿನುಗುತ್ತಿತ್ತು. ಫರಂಗಿಪೇಟೆಯ ಅಂಗಡಿಗಳ ಮುಂದೆ ಇಬ್ಬರು ಗುರುತಿಸಿದರು. ಒಬ್ಬರು ಕೈಯೆತ್ತಿ ಸಲಾಂ ಹೇಳಿದರು, ಇನ್ನೊಬ್ಬರು ಮಾತಿಲ್ಲದೆ ನೋಡಿದರು. ಹೆದ್ದಾರಿಯಿಂದ ನಮ್ಮೂರಿನ ಕಡೆಗೆ ತಿರುಗುವ ಜಾಗದಲ್ಲಿ ಒಂದು ಮೋರಿಯಿದೆ; ಹಿರಿಯರು ಊರಿನ ಎಲ್ಲೆಯೆಂದು ಹೇಳುವುದು ಅದನ್ನೇ. ಮಡದಿಯ ಮುಂದಿನ ಚಕ್ರ ಅದನ್ನು ದಾಟುವುದನ್ನು ನಾವು ಹಿಂದಿನಿಂದ ನೋಡಿದೆವು.

ಪ್ರಯಾಣದಿಂದ ಮರಳಿದಾಗ ಮನೆಗೆ ಹೋಗುವ ಮುಂಚೆ ಮಸೀದಿಗೆ ಹೋಗಿ ಎರಡು ರಕ್ಅತ್ ನಮಾಝ್ ನಿರ್ವಹಿಸುವುದು ಪ್ರವಾದಿವರ್ಯರ(ಸ) ರೂಢಿಯಾಗಿತ್ತು. ಈ ಸುನ್ನತನ್ನು ಬಿಡುವ ಮನಸ್ಸು ನಮಗಿರಲಿಲ್ಲ. ಅದರ ಅರ್ಥ, ಭಾವ ಹೇಳಿದ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಸೈಕಲ್ ನಿಲ್ಲಿಸುವುದು. ಅಸರ್ ಕಳೆದಿತ್ತು. ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು. ಮದ್ರಸದ ನಾಲ್ಕು ಮಕ್ಕಳು ಆಟ ನಿಲ್ಲಿಸಿ, "ಉಸ್ತಾದ್ ಬಂದರು" ಎಂದು ಕೂಗಿದರು.

ಸಲಾಂ ಹೇಳಿ ನಾವು ವುಝೂ ಮಾಡಲು ಒಳಗೆ ಹೋದೆವು. ಮಡದಿ ಗೇಟಿನ ಹೊರಗೆ ಎರಡೂ ಸೈಕಲ್‌ಗಳನ್ನು ಹಿಡಿದು ನಿಂತಳು. ಎರಡು ರಕ್ಅತ್‌ಗೆ ಎಷ್ಟು ಹೊತ್ತು ಬೇಕು? ಐದು ನಿಮಿಷ. ಘಟ್ಟವನ್ನು ಇಳಿದದ್ದಕ್ಕಿಂತ ಆ ಐದು ನಿಮಿಷ ದೊಡ್ಡದಾಗಿತ್ತೆಂದು ಬಳಿಕ ಅವಳು ಹೇಳಿದಳು. ಅಲ್ಲಿ ನಮ್ಮ ನೆರಳೂ ಇರಲಿಲ್ಲ, ಓಡುವ ಚಕ್ರವೂ ಇರಲಿಲ್ಲ. ಅವಳು, ಎರಡು ಸೈಕಲ್, ತಾನು ಹುಟ್ಟಿ ಬೆಳೆದ ಊರು.

ನಾವು ಹೊರಬಂದಾಗ ಕಟ್ಟೆಯ ಹಿರಿಯರೊಬ್ಬರು ಎದ್ದು ಬಂದು ಸೈಕಲಿನ ಚಕ್ರವನ್ನು ಊರುಗೋಲಿನಿಂದ ಮೆಲ್ಲಗೆ ತಟ್ಟುತ್ತ, ಬೀದರ್ ಎಷ್ಟು ದೂರವೆಂದು ಮಡದಿಯನ್ನೇ ಕೇಳುತ್ತಿದ್ದರು. ಇಬ್ಬರು ಮುಖ ತಿರುಗಿಸಿ ಕುಳಿತಿದ್ದರು. ಉಳಿದವರು ಅವರವರ ಮಾತಿಗೆ ಮರಳಿದ್ದರು. ಭಾವ ಅಲ್ಲಿಯೇ ಇದ್ದರು. ಅವರು ಹತ್ತಿರ ಬಂದು, ತಂಗಿಯ ಕೈಯಿಂದ ಒಂದು ಸೈಕಲನ್ನು ತೆಗೆದುಕೊಂಡು, ನಮ್ಮ ಜೊತೆ ಮನೆಯವರೆಗೆ ತಳ್ಳಿಕೊಂಡು ನಡೆದರು. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: "ಬ್ರೇಕಿನ ರಬ್ಬರ್ ಪೂರ್ತಿ ಸವೆದಿದೆಯಲ್ಲ."

ಆ ಬಳಿಕ ಮಾತುಗಳು ಬಂದವು. ಎದುರಿಗೆ ಒಂದಿಷ್ಟು, ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೊಂದಿಷ್ಟು. ಜಮಾಅತಿನ ಸಭೆಯಲ್ಲಿ ಒಬ್ಬರು ವಿಷಯವೆತ್ತಿದರು. ಇನ್ನೊಬ್ಬರು ಅದನ್ನು ಮುಂದಕ್ಕೆ ಬಿಟ್ಟರು. ನಮ್ಮ ಕೆಲಸ ಈವರೆಗೆ ಉಳಿದಿದೆ, ಅಲ್‌ಹಮ್ದುಲಿಲ್ಲಾಹ್. ಈಗ ಮಡದಿ ವಾರಕ್ಕೆ ನಾಲ್ಕು ದಿನ ಸಂಜೆ ಊರಿನ ಬೀದಿಯಲ್ಲಿಯೇ ಸೈಕಲ್ ತುಳಿಯುತ್ತಾಳೆ. ಅವಳ ಸಕ್ಕರೆಯ ಮಟ್ಟ ಹತೋಟಿಯಲ್ಲಿದೆ. ಪಕ್ಕದ ಮನೆಯ ತಾಯಿಯೊಬ್ಬರು ತಮ್ಮ ಮಗಳ ಹಳೆಯ ಸೈಕಲ್ಲಿಗೆ ಹೊಸ ಟ್ಯೂಬ್ ಹಾಕಿಸಿದ್ದಾರೆ. ಇನ್ನೂ ತುಳಿದಿಲ್ಲ, ನಮ್ಮ ಅಂಗಳದ ಅಡಿಕೆ ಒಣಗಿ ಮುಗಿಯಲೆಂದು ಕಾಯುತ್ತಿದ್ದಾರಂತೆ.

ಓದುಗರಲ್ಲಿ ನಮ್ಮ ಅರಿಕೆ ಇಷ್ಟೇ. ಸೈಕಲ್ ತುಳಿಯಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ದೂರದ ಊರಿನಲ್ಲಿ ಸಂಕೋಚವಿಲ್ಲದೆ ಮಾಡಿದ ಒಳ್ಳೆಯ ಕೆಲಸವನ್ನು ನಮ್ಮ ಊರಿನ ಎಲ್ಲೆಯಲ್ಲಿ ಪಿಕಪ್‌ಗೆ ಏರಿಸಿ ಮುಚ್ಚಿಡಬೇಕಾಗಿ ಬಂದರೆ, ಆ ಕೆಲಸ ತಪ್ಪೇ ಅಥವಾ ನಮ್ಮ ಹೆದರಿಕೆ ದೊಡ್ಡದೇ ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳಬೇಕು. ಉತ್ತರ ಏನೇ ಇರಲಿ, ಅದನ್ನು ಹೊರಬೇಕಾದವರ ಬಾಯಿಂದಲೇ ಬರಲಿ. ಮನೆಯ ಹೆಣ್ಣುಮಕ್ಕಳ ಪರವಾಗಿ ಅದನ್ನು ನಾವು ಹೇಳಿಬಿಡುವುದು ಬೇಡ.

ಅಂದು ಮನೆಯಲ್ಲಿ ಉಮ್ಮ ಮಾಡಿಸಿದ್ದ ಮೀನುಸಾರು, ಬಿಸಿನೀರು, ಮಗಳ ನೂರು ಪ್ರಶ್ನೆಗಳು ಎಲ್ಲವೂ ಮುಗಿದ ಬಳಿಕ ಇಶಾ ನಮಾಝಿಗೆ ನಿಂತೆವು. ಮೂರು ವಾರಗಳ ರೂಢಿಯಿಂದ ದೇಹವು ಎರಡನೆಯ ರಕ್ಅತ್‌ನ ಬಳಿಕ ಸಲಾಂ ಹೇಳಲು ಕಾಯುತ್ತಿತ್ತು. ಹೇಳಲಿಲ್ಲ. ನೋಯುವ ಮೊಣಕಾಲುಗಳ ಮೇಲೆ ಕೈಯೂರಿ ಮೂರನೆಯ ರಕ್ಅತ್‌ಗೆ ಎದ್ದೆವು. ನಮ್ಮ ಹಿಂದಿನ ಸಾಲಿನಲ್ಲಿ ಮಡದಿಯೂ ಎದ್ದು ನಿಂತ ಸದ್ದು ಕೇಳಿಸಿತು.